ಬೀಗರು ಮೆಚ್ಚಿದ ಡಬ್ಬಗಳು

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಜಾಗವಿದೆ. ಮೋಟಾರು ಸುಟ್ಟುಹೋದ ಗ್ರೈಂಡರಿಗೆ ಅಟ್ಟದ ಮೇಲೆ ಜಾಗವಿದೆ. ನನ್ನ ಹೆಂಡತಿ ಮುನಿಲಕ್ಷ್ಮಿ ತವರಿನಿಂದ ತಂದ, ಇವತ್ತಿನವರೆಗೆ ಒಲೆಯ ಮುಖ ನೋಡದ ಹಿತ್ತಾಳೆ ಹಂಡೆಗೆ ಮಂಚದ ಕೆಳಗೆ ಜಾಗವಿದೆ. ಯಾವ ಬೀಗಕ್ಕೂ ಸೇರದ ಕೀಲಿಗಳ ಗೊಂಚಲಿಗೆ ಬಾಗಿಲ ಪಕ್ಕದಲ್ಲೇ ಒಂದು ಮೊಳೆ ಇದೆ. ಜಾಗವಿಲ್ಲದೆ ಹೋದದ್ದು ನನ್ನ ಆಟದ ಡಬ್ಬಗಳಿಗೆ ಮಾತ್ರ.

ಆಟದ ಡಬ್ಬ ಎಂದರೆ ಚೌಕಾಬಾರ, ಹಾವು ಏಣಿ ಎಂದುಕೊಳ್ಳಬೇಡಿ. ಟಿವಿಯಲ್ಲಿ ಪ್ರಶ್ನೆ ಕೇಳಿ ಬಹುಮಾನ ಕೊಡುವ ಕಾರ್ಯಕ್ರಮಗಳು ಬರುತ್ತವಲ್ಲ, ಅವನ್ನು ಮನೆಯಲ್ಲೇ ಆಡಲಿ ಎಂದು ಡಬ್ಬದಲ್ಲಿ ತುಂಬಿ ಮಾರುತ್ತಿದ್ದರು. ಪ್ರಶ್ನೆಯ ಚೀಟಿಗಳು, ತಿರುಗಿಸುವ ಗಾಲಿ, ಒತ್ತಿದರೆ ಕಿರುಚುವ ಗುಂಡಿ, ಸುಳ್ಳು ನೋಟಿನ ಕಟ್ಟು, ಎಲ್ಲ ಒಳಗಿರುತ್ತವೆ. ನನ್ನ ಬಳಿ ‘ಲಕ್ಷದ ಗಾಲಿ’ ಇತ್ತು. ‘ಒತ್ತು ಗುಂಡಿ, ಹೇಳು ಉತ್ತರ’ ಇತ್ತು. ‘ಗಂಡ ಏನಂದ?’ ಇತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕ ಅಮೆರಿಕದ ಡಬ್ಬವೂ ಒಂದಿತ್ತು. ಅದರಲ್ಲಿ ಸೋಪಿಗೆ, ಸೋಫಾಕ್ಕೆ ಬೆಲೆ ಹೇಳಬೇಕು, ಅದೂ ಡಾಲರಿನಲ್ಲಿ. (ದೊಡ್ಡಬಳ್ಳಾಪುರದಲ್ಲಿ ಕುಳಿತು ಅಮೆರಿಕದ ಸೋಫಾಕ್ಕೆ ಬೆಲೆ ಕಟ್ಟಿದ ಮಹಾನುಭಾವರು ಯಾರಾದರೂ ಇದ್ದರೆ ಅದು ನಮ್ಮ ಮನೆಯವರು.) ಮದುವೆಗೆ ಮುಂಚಿನಿಂದ ಕೂಡಿಸಿದ ಸಂಪತ್ತು ಅದು. ಒಂದು ಚೀಟಿ ಕಳೆದಿರಲಿಲ್ಲ, ಒಂದು ಡಬ್ಬದ ಮೂಲೆ ಹರಿದಿರಲಿಲ್ಲ. ನಾನು ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಹಗಲೆಲ್ಲ ಊರವರ ಡಬ್ಬಗಳನ್ನು ಒಂದರ ಮೇಲೊಂದು ಜೋಡಿಸಿ ಮನೆಗೆ ಬಂದರೆ, ನನ್ನವು ಎಂದು ಹೇಳಿಕೊಳ್ಳಲು ಇದ್ದ ಡಬ್ಬಗಳು ಅವಷ್ಟೇ.

ಈ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಕೇಳುವವರಿಗೆ ಹೇಳುತ್ತೇನೆ. ನಾನು ಬೆಳೆದ ತೂಬಗೆರೆಯಲ್ಲಿ ಟಿವಿ ಇದ್ದದ್ದು ಮೇಷ್ಟ್ರು ಆದಿನಾರಾಯಣಪ್ಪನವರ ಮನೆಯಲ್ಲಿ. ಒಳಗೆ ಕೂರುವವರು ಬೇರೆ, ಕಿಟಕಿಯಲ್ಲಿ ನಿಲ್ಲುವವರು ಬೇರೆ. ನಾನು ಕಿಟಕಿಯವನು. ಟಿವಿಯೊಳಗಿನವರು ತಲೆ ಕೆರೆಯುತ್ತಿದ್ದಾಗ ನಾನು ಹೊರಗಿನಿಂದ ಸರಿಯಾದ ಉತ್ತರ ಕೂಗಿ ಹೇಳುತ್ತಿದ್ದೆ. ಶಹಬ್ಬಾಸ್ ಎನ್ನುತ್ತಾರೇನೋ ಎಂದು ನೋಡಿದರೆ, ಒಳಗಿನಿಂದ ಬರುತ್ತಿದ್ದ ಮಾತು ಒಂದೇ: “ಯಾವನ್ಲಾ ಅವ್ನು, ಬೆಳಕಿಗೆ ಅಡ್ಡ ನಿಂತವ್ನೆ!” ದೊಡ್ಡವನಾದ ಮೇಲೆ ಆ ಕಾರ್ಯಕ್ರಮಗಳಿಗೆ ಕಾರ್ಡು ಬರೆದೆ, ಆಮೇಲೆ ಮೆಸೇಜು ಕಳಿಸಿದೆ. ಯಾರೂ ಕರೆಯಲಿಲ್ಲ. ಕೊನೆಗೆ ಡಬ್ಬ ತಂದು ನನ್ನ ಮನೆಯಲ್ಲಿ ನಾನೇ ಕುರ್ಚಿ ಹಾಕಿಕೊಂಡು ಕೂತೆ. ಪ್ರಶ್ನೆ ಕೇಳುವವನ ಕುರ್ಚಿ ಅದು. ಅದರಲ್ಲಿ ಕೂತಾಗ ನನಗೆ ಆಗುತ್ತಿದ್ದ ಸುಖ ಬೇರೆಲ್ಲೂ ಆಗಿಲ್ಲ, ಹಸೆಮಣೆಯ ಮೇಲೂ ಆಗಿಲ್ಲ.

ಸುಖ ನನಗಷ್ಟೇ ಆಗುತ್ತಿತ್ತು ಎನ್ನಿ. ನನ್ನ ಅಮ್ಮ ದ್ಯಾವಮ್ಮ ಎರಡನೇ ಪ್ರಶ್ನೆಗೇ, “ಉತ್ರ ನಿಂಗೊತ್ತಲ್ಲಪ್ಪ, ನೀನೇ ಹೇಳ್ಬಿಡು, ನಂಗೆ ಅವರೆಕಾಯಿ ಸುಲಿಯೋದೈತೆ” ಎಂದು ಏಳುತ್ತಿದ್ದಳು. ಮಗಳು ಸಿಂಚನ ಗುಂಡಿ ಒತ್ತಿ ಉತ್ತರ ಹೇಳದೆ ಮತ್ತೆ ಒತ್ತುತ್ತಿದ್ದಳು. ಇನ್ನು ‘ಗಂಡ ಏನಂದ?’ ಆಟದಲ್ಲಿ ಗಂಡನಿಗೆ ಇಷ್ಟವಾದ ಅಡುಗೆ ಯಾವುದೆಂದು ಹೆಂಡತಿ ಹೇಳಬೇಕು. ಮುನಿಲಕ್ಷ್ಮಿ ಹೇಳಿದ್ದು: “ಇಷ್ಟ ಯಾರು ಕೇಳಿದ್ರು? ಮಾಡಿ ಹಾಕಿದ್ದು ತಿಂತಾರೆ.” ನಿಯಮದ ಪ್ರಕಾರ ಸೊನ್ನೆ ಕೊಟ್ಟೆ. ಅವತ್ತು ನನ್ನ ತಟ್ಟೆಗೂ ಅದೇ ಅಂಕ ಬಿತ್ತು.

ಹೀಗಿರುವಾಗ, ಹೊಸಕೋಟೆ ಕಡೆ ಮದುವೆ ಮಾಡಿಕೊಟ್ಟಿದ್ದ ಸಿಂಚನ ಬಸುರಿಯಾದಳು. ಚೊಚ್ಚಲ ಬಾಣಂತನ, ತವರಿನಲ್ಲೇ ಆಗಬೇಕು. ನಾನು ಸಿಹಿ ಹಂಚಿ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲೇ ಹೆಂಡತಿ ಹಿಂದಿನ ಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನನ್ನ ಡಬ್ಬಗಳಿದ್ದದ್ದು ಆ ಕೋಣೆಯಲ್ಲೇ.

“ರೀ, ಈ ರೂಮು ಖಾಲಿಯಾಗ್ಬೇಕು.”

“ಮುಂದಿನ ರೂಮಿದೆಯಲ್ಲೇ.”

“ಮುಂದಿನ ರೂಮಲ್ಲಿ ಗಾಳಿ ಬರುತ್ತೆ. ಬಾಣಂತಿಗೆ ಗಾಳಿ ಆಗಲ್ಲ. ಇದಾದ್ರೆ ಬಚ್ಚಲಿಗೆ ಹತ್ರ, ಬೆಚ್ಚಗಿರುತ್ತೆ.”

“ಡಬ್ಬಗಳಿಗೂ ಗಾಳಿ ಆಗಲ್ಲ ಕಣೇ. ಥಂಡಿ ಹೊಡೆದ್ರೆ ಚೀಟಿಗಳೆಲ್ಲ ಅಂಟಿಕೊಳ್ತವೆ.”

ಮುನಿಲಕ್ಷ್ಮಿ ನನ್ನ ಮುಖವನ್ನೇ ನೋಡಿದಳು. “ಹಂಗಾದ್ರೆ ಒಂದ್ಕೆಲ್ಸ ಮಾಡಿ. ಮಗು ಮುಂದಿನ ರೂಮಲ್ಲಿ ಇರ್ಲಿ. ಡಬ್ಬಗಳಿಗೆ ನಾನು ದಿನಾ ಎಣ್ಣೆ ಹಚ್ಚಿ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡೀತೀನಿ.”

ಅಮ್ಮ ಅಡುಗೆಮನೆಯಿಂದಲೇ, “ಆ ಡಬ್ಬಗಳಿಗೆ ದೃಷ್ಟಿನೂ ತೆಗ್ದುಬಿಡಮ್ಮ” ಎಂದು ಒಗ್ಗರಣೆ ಹಾಕಿದಳು.

ಬೇರೆಲ್ಲೂ ಜಾಗವಿಲ್ಲ ಎಂದಾದ ಮೇಲೆ ಯಾರಿಗಾದರೂ ಕೊಡಲು ಒಪ್ಪಿದೆ. ಆದರೆ ಕಂಡಕಂಡವರಿಗೆ ಕೊಡುವ ವಸ್ತುವೇ ಅದು? ಸತ್ಪಾತ್ರಕ್ಕೇ ಕೊಡುತ್ತೇನೆ, ಎಲ್ಲ ಡಬ್ಬ ಒಬ್ಬರೇ ತೆಗೆದುಕೊಳ್ಳಬೇಕು, ಯಾವತ್ತೂ ಬೇರೆ ಬೇರೆ ಮಾಡಬಾರದು, ನಿಯಮ ಮೀರಿ ಆಡಬಾರದು ಎಂದು ಷರತ್ತು ಹಾಕಿದೆ. ಅಂಥ ಸತ್ಪಾತ್ರ ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂಬ ಧೈರ್ಯ ನನಗಿತ್ತು. ಗೋದಾಮಿನ ಗೆಳೆಯನೊಬ್ಬ ಬಂದು ಗುಂಡಿ ಒತ್ತಿ ನೋಡಿ, ಮನೆಗೆ ಕಾಲಿಂಗ್ ಬೆಲ್ ಇಲ್ಲ, ಇದೊಂದು ಸಾಕು ಎಂದ. ಅವನನ್ನು ಚಹಾ ಸಹ ಕೊಡದೆ ಕಳಿಸಿದೆ. ಗುಜರಿಯವನು ಬಂದು ಒಂದು ಡಬ್ಬವನ್ನು ಕೈಯಲ್ಲಿ ತೂಗಿ, ‘ರಟ್ಟು ಪರವಾಗಿಲ್ಲ ಸಾರ್, ಒಳಗಿನ ಕಸ ನೀವೇ ಇಟ್ಕೊಳಿ’ ಎಂದ. ಅವನನ್ನು ಗೇಟಿನವರೆಗೆ ಅಟ್ಟಿದೆ. ಪ್ರತಿ ಸಲವೂ ಮುನಿಲಕ್ಷ್ಮಿ ಏನೂ ಹೇಳಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆ ಮೌನದ ಅರ್ಥ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಮರ್ಯಾದೆಯ ಬಗ್ಗೆ ಹೇಳಬೇಕು. ಬೀಗರು ಮನೆಗೆ ಬಂದು ಏನನ್ನಾದರೂ ಚೆನ್ನಾಗಿದೆ ಎಂದರೆ, ಅದು ಹಸುವಾಗಲಿ ಹೊಸ ಫ್ಯಾನಾಗಲಿ, ‘ನಿಮ್ಮದೇ ಅಲ್ವಾ, ತಗೊಂಡ್ಹೋಗಿ’ ಎನ್ನಬೇಕು. ಅವರು, ‘ಅಯ್ಯೋ ಇರ್ಲಿ ಬಿಡಿ, ನಿಮ್ಮನೇಲಿದ್ರೇನು, ನಮ್ಮನೇಲಿದ್ರೇನು’ ಎನ್ನಬೇಕು. ಇವರು ಮತ್ತೊಮ್ಮೆ ಒತ್ತಾಯ ಮಾಡಬೇಕು, ಅವರು ಮತ್ತೊಮ್ಮೆ ಬೇಡ ಎನ್ನಬೇಕು. ಅಲ್ಲಿಗೆ ಇಬ್ಬರ ಗೌರವವೂ ಉಳಿಯಿತು, ವಸ್ತುವೂ ಇದ್ದಲ್ಲೇ ಉಳಿಯಿತು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನಡೆಯಲು ಬಂದ ಹಾಗೆ ಬರುತ್ತದೆ.

ಏಳನೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಸಿಂಚನಳ ಸೀಮಂತ ಇಟ್ಟುಕೊಂಡೆವು. ಹೊಸಕೋಟೆ ಕಡೆಯಿಂದ ಬೀಗರು ಸಂಜೀವಪ್ಪನವರು ಮಗನ ಜೊತೆ ಟೆಂಪೋದಲ್ಲಿ ಬಂದರು. ರೇಷ್ಮೆ ಹುಳು ಸಾಕುವ ರೈತರು, ಮಾತು ಕಡಿಮೆ, ಅಂಗಿ ಯಾವಾಗಲೂ ಬಿಳಿ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಮನೆಯೆಲ್ಲ ಒಂದು ಸುತ್ತು ಬಂದವರು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತರು. ಡಬ್ಬಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಬಾಳ ಚೆನ್ನಾಗವೆ ಬೀಗರೇ” ಎಂದರು.

ನನ್ನ ಹೃದಯ ತುಂಬಿ ಬಂತು. ಇಷ್ಟು ವರ್ಷದಲ್ಲಿ ಆ ಮಾತನ್ನು ಹೇಳಿದ ಮೊದಲ ಮನುಷ್ಯ ಅವರು. ಆ ಉಬ್ಬಿನಲ್ಲೇ ಬಾಯಿ ತನ್ನ ಕೆಲಸ ಮಾಡಿತು. “ಅಯ್ಯೋ, ಎಲ್ಲ ನಿಮ್ಮದೇ ಅಲ್ವಾ ಬೀಗರೇ! ತಗೊಂಡ್ಹೋಗಿ!”

ಈಗ ಅವರು ‘ಇರ್ಲಿ ಬಿಡಿ’ ಎನ್ನಬೇಕು. ನಾನು ಕಾದೆ. ಸಂಜೀವಪ್ಪನವರು ನನ್ನ ಭುಜದಾಚೆ ಯಾರನ್ನೋ ನೋಡಿದರು, ಗಂಟಲು ಸರಿಮಾಡಿಕೊಂಡರು. “ನೀವು ಇಷ್ಟು ಹೇಳಿದ್ಮೇಲೆ ಇಲ್ಲ ಅನ್ನಕ್ಕಾಗ್ತದಾ? ಆಗ್ಲಿ.”

ಇದೇನೋ ಹೊಸಕೋಟೆ ಕಡೆಯ ಪದ್ಧತಿ ಇರಬೇಕು, ಮೊದಲು ಹೂಂ ಎಂದು ಆಮೇಲೆ ಬೇಡ ಎನ್ನುತ್ತಾರೆ ಎಂದುಕೊಂಡು, “ಖಂಡಿತ ತಗೊಂಡ್ಹೋಗ್ಬೇಕು!” ಎಂದು ಇನ್ನೊಂದು ಸಲ ನನ್ನ ಕತ್ತನ್ನು ನಾನೇ ಕೊಯ್ದುಕೊಂಡೆ.

“ನಂದೀಶ” ಎಂದು ಅವರು ಮಗನನ್ನು, ಅಂದರೆ ನನ್ನ ಅಳಿಯನನ್ನು ಕೂಗಿದರು. “ಟೆಂಪೋನ ಹಿಂದ್ಗಡೆ ಬಾಗ್ಲಿಗೆ ತಗೊಂಬಾಪ್ಪ.”

ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೂ ನನಗೆ ಅಷ್ಟು ಅಳು ಬಂದಿರಲಿಲ್ಲ. ಡಬ್ಬಗಳು ಹೊರಟಾಗ ಹೊರಗೆ ಅಳುವಂತೆಯೂ ಇರಲಿಲ್ಲ, ಬೀಗರೆದುರು ಹಲ್ಲು ಬಿಟ್ಟುಕೊಂಡು ನಿಂತಿರಬೇಕಿತ್ತು. ಷರತ್ತುಗಳನ್ನು ಬೀಗರಿಗೆ ಹೇಳಲಾಗುತ್ತದೆಯೆ? ಒಂದೊಂದು ಡಬ್ಬಕ್ಕೂ ನಾನೇ ದಾರ ಕಟ್ಟಿದೆ. “ಬಿಸಿಲಿಗೆ ಇಡ್ಬೇಡಿ” ಎಂದು ಮಾತ್ರ ಹೇಳಲಾಯಿತು. ಟೆಂಪೋ ತಿರುವು ದಾಟುವ ಮೊದಲೇ ಮುನಿಲಕ್ಷ್ಮಿ ಕೋಣೆಗೆ ಪೊರಕೆ ಹಿಡಿದು ನುಗ್ಗಿದಳು.

ಬರಿದಾದ ಆ ಕೋಣೆಯನ್ನು ನೋಡಲಾಗದೆ ನಾನು ಕೆಲವು ದಿನ ಬಚ್ಚಲಿಗೆ ಹಿತ್ತಲಿಂದ ಸುತ್ತಿಕೊಂಡು ಹೋದೆ. ಆಮೇಲೆ ಸಮಾಧಾನ ಹುಡುಕಿಕೊಂಡೆ. ಸಂಜೀವಪ್ಪನವರು ಉಪಚಾರದ ಕಟ್ಟನ್ನೇ ಮುರಿದು ತೆಗೆದುಕೊಂಡರು ಎಂದರೆ ಅವರಿಗೆ ಎಷ್ಟು ಆಸೆಯಾಗಿರಬೇಕು! ಎಂಥ ರಸಿಕರಿರಬೇಕು! ವಾರಕ್ಕೊಮ್ಮೆ ಫೋನು ಮಾಡಿ ಮಳೆ, ಹಿಪ್ಪುನೇರಳೆ ಸೊಪ್ಪು, ಬೀಗಿತ್ತಿಯವರ ಮಂಡಿನೋವು ಎಲ್ಲ ವಿಚಾರಿಸಿ ಕೊನೆಗೆ ಕೇಳುತ್ತಿದ್ದೆ: “ಆಟ ಆಡಿದ್ರಾ?”

“ಆಡ್ತಾ ಇದೀವಿ ಬೀಗರೇ. ದಿನಾ.”

“ಯಾವುದು ಆಡಿದ್ರಿ?”

“ಎಲ್ಲಾನೂವೆ.”

ಗೋದಾಮಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ನನ್ನ ಮನೆಯಲ್ಲಿ ಯಾರಿಗೂ ತಿಳಿಯದ ಬೆಲೆ ಹೊಸಕೋಟೆಯ ರೈತನಿಗೆ ತಿಳಿಯಿತು ನೋಡಿ ಎಂದು ಹೆಂಡತಿಗೂ ಕುಟುಕಿದೆ. ಅವಳು, “ಹೌದು ಹೌದು, ದೊಡ್ಡ ಮನುಷ್ರು” ಎಂದು ಬೆಳ್ಳುಳ್ಳಿ ಬಿಡಿಸುತ್ತಾ ಕುಳಿತಳು.

ಮೊಮ್ಮಗ ಹುಟ್ಟಿದ. ಐದನೇ ತಿಂಗಳಲ್ಲಿ ಬಾಣಂತಿ ಮಗುವನ್ನು ಕರೆಸಿಕೊಂಡು ನಾಮಕರಣವನ್ನು ತಮ್ಮ ಮನೆಯಲ್ಲೇ ಮಾಡುತ್ತೇವೆ ಎಂದರು ಬೀಗರು. ಎಲ್ಲರೂ ಮಗುವನ್ನು ಕಳಿಸುವ ಸಂಕಟದಲ್ಲಿದ್ದರೆ ನಾನು ಹೊಸ ಪಂಚೆ ಉಟ್ಟು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದೆ. ನನ್ನ ಡಬ್ಬಗಳನ್ನು ನೋಡಬೇಕಿತ್ತು. ಸಾಧ್ಯವಾದರೆ ಒಂದು ಆಟ ಆಡಿಸಬೇಕಿತ್ತು.

ಹೋದವನೇ ಬೀಗರ ಮನೆಯ ಪಡಸಾಲೆ ನೋಡಿದೆ, ಟಿವಿ ಇದ್ದ ಕೋಣೆ ನೋಡಿದೆ, ನೆಪ ಮಾಡಿಕೊಂಡು ದೇವರ ಮನೆಯನ್ನೂ ನೋಡಿದೆ. ಎಲ್ಲೂ ಇಲ್ಲ. ಕೊನೆಗೆ ಸಂಜೀವಪ್ಪನವರನ್ನೇ ಕೇಳಿದೆ. ಅವರು “ಬನ್ನಿ” ಎಂದು ಹಿತ್ತಲಿನ ಹುಳುಮನೆಗೆ ಕರೆದುಕೊಂಡು ಹೋದರು. ರೇಷ್ಮೆ ಹುಳು ಸಾಕುವ ಉದ್ದನೆಯ ಮನೆ. ಒಂದು ಮೂಲೆಯಲ್ಲಿ ನೀಲಿ ಟಾರ್ಪಾಲು. ಎತ್ತಿದರು. ಟೆಂಪೋಗೆ ಹೇಗೆ ಏರಿಸಿದ್ದೆನೋ ಹಾಗೇ ಇದ್ದವು. ನಾನು ಹಾಕಿದ ಗಂಟುಗಳನ್ನು ಸಹ ಯಾರೂ ಬಿಚ್ಚಿರಲಿಲ್ಲ.

“ದಿನಾ ಆಡ್ತೀವಿ ಅಂದ್ರಿ?”

“ಬೀಗರು ಅಷ್ಟು ಆಸೆಯಿಂದ ಕೇಳ್ತಿದ್ರಿ. ಇಲ್ಲ ಅನ್ನಕ್ಕೆ ಮನಸ್ಸು ಬರ್ಲಿಲ್ಲ.” ಪಾಪದ ಮನುಷ್ಯ, ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡರು. “ನಿಜ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಸೀಮಂತಕ್ಕೆ ಮುಂಚೆ ನಿಮ್ಮ ಮನೆಯೋರು ಫೋನ್ ಮಾಡಿದ್ರು. ‘ಅಣ್ಣಾ, ನೀವು ಚೆನ್ನಾಗಿದೆ ಅಂತ ಒಂದು ಮಾತನ್ನಿ ಸಾಕು, ಮಿಕ್ಕಿದ್ದು ಅವ್ರೇ ಹೇಳ್ತಾರೆ, ಅವಾಗ ಹೂಂ ಅಂದ್ಬಿಡಿ’ ಅಂದ್ರು. ಬೀಗಿತ್ತಿ ಮೊದ್ಲ ಬಾರಿಗೆ ಬಾಯಿಬಿಟ್ಟು ಒಂದು ಕೇಳಿದ್ರು. ನಮ್ಮನೇಲೂ ಜಾಗ ಇರ್ಲಿಲ್ಲ. ಆದ್ರೂ ಹೆಂಗೆ ಇಲ್ಲ ಅನ್ನದು?”

ಅಂದರೆ ಕೊಡಲು ಮನಸ್ಸಿಲ್ಲದ ನಾನು ಮರ್ಯಾದೆಗೆ ಕೊಟ್ಟೆ. ಬೇಕಿಲ್ಲದ ಅವರು ಮರ್ಯಾದೆಗೆ ತೆಗೆದುಕೊಂಡರು. ನಡುವೆ ಮರ್ಯಾದೆಯ ಗೊಡವೆ ಇಲ್ಲದ ಒಬ್ಬಳು ಕೋಣೆ ಗೆದ್ದಳು. ನನಗೆ ಸಿಟ್ಟು ಬರಬೇಕಿತ್ತು. ಅದಕ್ಕೂ ಮೊದಲು ಇನ್ನೊಂದು ಹೊಳೆಯಿತು. ಚೆನ್ನಾಗವೆ ಎಂದಿದ್ದ ಆ ಒಂದು ಮಾತೂ ನನ್ನದಾಗಿರಲಿಲ್ಲ.

ಅಷ್ಟರಲ್ಲಿ ಸಂಜೀವಪ್ಪನವರು ಕೈ ಮುಗಿದರು. “ಮುಂದಿನ ವಾರ ಹೊಸ ಹುಳು ಇಳಿಸ್ಬೇಕು ಬೀಗರೇ, ಜಾಗ ಸಾಲಲ್ಲ. ಹೆಂಗೂ ಬಾಣಂತನ ಮುಗೀತಲ್ಲ. ನಿಮ್ಮ ವಸ್ತು ನೀವು ತಗೊಂಡ್ಹೋಗಿ.”

ಕೇಳಿದಿರಾ? ನನ್ನ ಸಂಪತ್ತು, ಒಂದು ಚೀಟಿಯೂ ಕಳೆಯದ ಹಾಗೆ, ಕಣ್ಣೆದುರಿಗಿದೆ. ಟೆಂಪೋ ಹೊರಗೇ ನಿಂತಿದೆ. ಮನೆಯಲ್ಲಿ ಕೋಣೆ ಖಾಲಿಯಾಗಿದೆ. ‘ಹೂಂ’ ಎನ್ನಬೇಕು, ಅಷ್ಟೇ. ಬಾಯಿ ತೆರೆದೆ. “ಅಯ್ಯೋ, ಛೆ ಛೆ! ಕೊಟ್ಟಿದ್ದು ವಾಪಸ್ ತಗೊಳ್ಳೋದೇ? ಇರ್ಲಿ ಬಿಡಿ ಬೀಗರೇ, ನಿಮ್ಮನೇಲಿದ್ರೇನು, ನಮ್ಮನೇಲಿದ್ರೇನು!”

ನನ್ನ ಮಾತು ನನ್ನ ಕಿವಿಗೇ ಬಿತ್ತು. ಹೋಗಲಿ, ಇನ್ನೊಂದು ಸಲ ಒತ್ತಾಯ ಮಾಡೇ ಮಾಡುತ್ತಾರೆ, ಆಗ ಬೀಳುತ್ತೇನೆ ಕಾಲಿಗೆ ಎಂದುಕೊಂಡೆ. ಸಂಜೀವಪ್ಪನವರು ಮಾಡುವವರೇ ಇದ್ದರು, ತುಟಿ ಅಲ್ಲಾಡಿತ್ತು. ಬಾಗಿಲ ಕಡೆಯಿಂದ ದನಿ ಬಂತು.

“ಅವ್ರು ಒಂದ್ಸಲ ಅಂದ್ರೆ ಮುಗೀತಣ್ಣಾ. ನಮ್ಮೋರು ಕೊಟ್ಟಿದ್ದು ಹಿಂದಕ್ಕೆ ಕೇಳೋರಲ್ಲ.” ಮಗುವನ್ನು ಹೆಗಲಿಗೆ ಹಾಕಿಕೊಂಡು ಮುನಿಲಕ್ಷ್ಮಿ ನಿಂತಿದ್ದಳು. “ನಿಮ್ಮದೇ ಆಯ್ತು. ನಿಮಗೆ ಹೆಂಗೆ ಬೇಕೋ ಹಂಗೆ ಮಾಡ್ಕೊಳಿ.”

“ನಮಗೆ ಬೇಕಾದಂಗೆ ಮಾಡ್ಕೋಬೋದಾ?” ಎಂದು ಸಂಜೀವಪ್ಪನವರು ನನ್ನನ್ನು ಕೇಳಿದರು. ಬೀಗರಿಗೆ ಇಲ್ಲ ಎಂದು ಹೇಳಲು ನನ್ನ ನಾಲಿಗೆ ಎಂದೂ ಕಲಿತಿಲ್ಲ. ತಲೆಯಾಡಿಸಿದೆ. ಅವರ ಮುಖ ಅರಳಿತು. “ದೇವ್ರು ಬಂದಂಗೆ ಬಂದ್ರಿ ಬೀಗರೇ! ನೆನೆಸಿದ್ದಕ್ಕಿಂತ ಜನ ಜಾಸ್ತಿ ಬಂದವ್ರೆ. ತಾಂಬೂಲದ ಜೊತೆ ಕೊಡಕ್ಕೆ ತಂದಿದ್ದ ಸ್ಟೀಲ್ ಡಬ್ಬಿ ಸಾಲ್ದೆ ಬೆಳಿಗ್ಗೆಯಿಂದ ತಲೆ ಕೆಟ್ಟೋಗಿತ್ತು!”

ಮುಂದಿನದನ್ನು ಹೇಳಲು ಸಂಕಟವಾಗುತ್ತದೆ. ತಾಯಿಯ ಕಡೆಯ ತಾತ ಎಂಬ ಗೌರವಕ್ಕೆ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿದರು. ಊಟ ಮುಗಿಸಿ ಹೊರಟವರಿಗೆ ತೆಂಗಿನಕಾಯಿ, ಎಲೆ ಅಡಿಕೆ, ಒಂದು ಆಟದ ಡಬ್ಬ. ಎಲ್ಲವನ್ನೂ ನನ್ನ ಕೈಯಾರೆ ಕೊಡಬೇಕು, ನಗುತ್ತಾ ಕೊಡಬೇಕು. ‘ಲಕ್ಷದ ಗಾಲಿ’ ಸೂಲಿಬೆಲೆಯ ಕಡೆ ಹೋಯಿತು. ‘ಗಂಡ ಏನಂದ?’ ಒಬ್ಬರು ವಿಧುರರ ಕೈಗೆ ಹೋಯಿತು. ದೇವನಹಳ್ಳಿಯಲ್ಲಿ ಕ್ಯಾಬ್ ಓಡಿಸುವ ವಸಂತ ಎಂಬ ನೆಂಟ ಗುಂಡಿ ಒತ್ತಿ ಕಿರುಚಿಸಿ, “ಸೂಪರ್ ಅಂಕಲ್, ಹಾರ್ನ್ ಕೆಟ್ಟೋದ್ರೆ ಆಗುತ್ತೆ” ಎಂದ. ಮುತ್ತಮ್ಮ ಎಂಬ ಹಿರಿಯರು ಡಬ್ಬ ಅಲ್ಲಾಡಿಸಿ, “ಇದೇನಪ್ಪಾ, ಒಳಗೆ ಲೊಟಲೊಟ ಅಂತದೆ? ಮುಂದಿನ ಸಾಲ್ನೋರಿಗೆ ಸ್ಟೀಲು ಕೊಟ್ರಿ, ನಮ್ಗೆ ರಟ್ಟಾ?” ಎಂದು ಜಗಳಕ್ಕೆ ನಿಂತರು.

“ಇದು ಬಹಳ ಅಪರೂಪದ್ದಮ್ಮ. ಇದನ್ನ ಹೇಗೆ ಆಡೋದು ಅಂದ್ರೆ, ಮೊದಲು ನಾಲ್ಕು ಜನ ಸುತ್ತ ಕೂತು...”

“ನಾಲ್ಕು ಜನ ಕೂತ್ಕೊಳಕ್ಕೆ ನಮ್ಮನೇಲಿ ಪುರುಸೊತ್ತು ಯಾರಿಗೈತಪ್ಪಾ?” ಎಂದು ಅವರು ಹೊರಟೇಬಿಟ್ಟರು. ಹಿಂದಿನವರು ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಒಂದು ಡಬ್ಬ ಎತ್ತಿಕೊಂಡು ಹೋದರು.

ಸಂಜೆಯ ಹೊತ್ತಿಗೆ ಟಾರ್ಪಾಲಿನ ಕೆಳಗೆ ನೆಲ ಕಂಡಿತು. ಹೊರಡುವಾಗ ಸಂಜೀವಪ್ಪನವರು ನನ್ನ ಕೈಗೂ ಒಂದು ತಾಂಬೂಲದ ಚೀಲ ಕೊಟ್ಟರು. ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, “ಮನಸ್ಸಲ್ಲಿ ಏನೂ ಇಟ್ಕೋಬೇಡಿ ಬೀಗರೇ. ನಿಮಗೆ ಅಂತ್ಲೇ ಒಂದು ಬಚ್ಚಿಟ್ಟಿದ್ದೆ. ಯಾರು ಕೇಳಿದ್ರೂ ಕೊಡ್ಲಿಲ್ಲ” ಎಂದರು. ನನ್ನ ಕಣ್ಣು ಒದ್ದೆಯಾಯಿತು. ಒಂದಾದರೂ ಉಳಿಯಿತಲ್ಲ! ಆ ಮನುಷ್ಯನಿಗೆ ನನ್ನ ಮನಸ್ಸು ಅರ್ಥವಾಗಿತ್ತು. ಚೀಲವನ್ನು ಎದೆಗೊತ್ತಿಕೊಂಡು ಕಾರು ಹತ್ತಿದೆ.

ದಾರಿಯಲ್ಲಿ ಹೆಂಡತಿಯನ್ನು ಕೇಳಿದೆ. “ಫೋನ್ ಮಾಡಿದ್ದು ನೀನೇ ತಾನೇ?”

“ನಾನೇ. ನೀವು ಕೊಡಲ್ಲ ಅನ್ಬೋದಿತ್ತಲ್ಲ? ಇವತ್ತು ತಗೊಂಡ್ಹೋಗ್ತೀನಿ ಅನ್ಬೋದಿತ್ತಲ್ಲ? ನಾನೇನು ನಿಮ್ಮ ಬಾಯಿ ಮುಚ್ಚಿದ್ನಾ?”

ಇದಕ್ಕೆ ಉತ್ತರ ನನ್ನ ಯಾವ ಡಬ್ಬದ ಚೀಟಿಯಲ್ಲೂ ಇರಲಿಲ್ಲ. ಚೀಲಕ್ಕೆ ಕೈ ಹಾಕಿದೆ. ತೆಂಗಿನಕಾಯಿ ಸಿಕ್ಕಿತು. ಅದರ ಕೆಳಗೆ ತಣ್ಣಗೆ, ಗುಂಡಗೆ ಏನೋ ತಾಗಿತು. ಹೊರಗೆ ತೆಗೆದೆ. ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಮೊಮ್ಮಗನ ಹೆಸರು ಕೆತ್ತಿಸಿದ್ದರು.

“ನೋಡಿ, ಬೀಗರಿಗೆ ನಿಮ್ಮ ಮೇಲೆ ಎಷ್ಟು ಗೌರವ” ಎಂದು ಮುನಿಲಕ್ಷ್ಮಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಮತ್ತೆ ಹಾಕಿ ನೋಡಿದಳು. “ಅಷ್ಟು ಜನಕ್ಕೆ ಆ ರಟ್ಟಿನ ಡಬ್ಬ ಕೊಟ್ಟು, ನಿಮಗೆ ಮಾತ್ರ ಒಳ್ಳೇದು ಎತ್ತಿಟ್ಟವ್ರೆ.”